ಐದನೇ ಜೇಬು

ಜೀನ್ಸಿಗೆ ಐದು ಜೇಬು. ನನ್ನ ಪಾಲಿನದು ಐದನೆಯದು,
ಬಲಗಡೆ ದೊಡ್ಡ ಜೇಬಿನೊಳಗೆ ಅವಿತ ಪುಟ್ಟದು.
ಹನ್ನೊಂದು ವರ್ಷ, ಪೀಸಿಗಿಷ್ಟು ಅಂತ,
ಬಳ್ಳಾರಿ ಬಿಸಿಲಿಗೆ ಕಾದ ಕೌಲ್‌ಬಜಾರಿನ ತಗಡಿನ ಶೆಡ್ಡಿನಲ್ಲಿ
ಅದೊಂದನ್ನೇ ಹೊಲಿದಿದ್ದೇನೆ.
ಚಿಲ್ಲರೆಗೆ ಅಂದುಕೊಂಡಿದ್ದೆ.
ಕಟಿಂಗ್ ಮಾಸ್ತರ ವಲಿಬಾಷಾ ಒಂದು ಮಧ್ಯಾಹ್ನ
ಬುತ್ತಿ ಬಿಚ್ಚುತ್ತ ಹೇಳಿದ:
"ಹುಚ್ಚಿ, ಅದು ವಾಚಿಡೋಕೆ ಮಾಡಿದ್ದಂತೆ, ಆ ಕಾಲಕ್ಕೆ.
ಈಗ ಸುಮ್ನೆ, ಇರ್ಲಿ ಅಂತ ಐತೆ."

ಅವತ್ತಿನಿಂದ ಕೈಕೆಳಗೆ ಹಾದುಹೋದ ಜೇಬೆಲ್ಲ
ಖಾಲಿ ಅನ್ನಿಸತೊಡಗಿತು.

ಕರೆಂಟು ಹೋದ ರಾತ್ರಿ, ಮಾಳಿಗೆ ಮೇಲೆ ಚಾಪೆ ಹಾಸಿ
ಮೊಬೈಲಿನಲ್ಲಿ ಹುಡುಕಿದೆ.
ಚಿನ್ನದ ಬಣ್ಣದ್ದು, ಹುಲಿಮುಖ ಕೆತ್ತಿದ್ದು,
ಕೊನೆಗೆ ಮುಖವೇ ಇಲ್ಲದ್ದು:
ಚರ್ಮ ಸುಲಿದು ಒಳಗಿನದೆಲ್ಲ ಹೊರಗಿಟ್ಟ ಹಾಗೆ
ಹಲ್ಲುಚಕ್ರ, ಸುರುಳಿ, ಕೆಂಪು ಹರಳು.
ಸೆಲ್ ಬೇಡ, ಕೀ ಕೊಟ್ಟರೆ ನಡೆಯುತ್ತದೆ.
ಆರು ಸಾವಿರದ ಎಂಟುನೂರಕ್ಕೆ ಗೀಟು ಹೊಡೆದು
ಸಾವಿರದ ಏಳುನೂರ ತೊಂಬತ್ತೊಂಬತ್ತು.
ಕೊಂಡವನೊಬ್ಬ, ಮೂರು ದಿನಕ್ಕೆ ನಿಂತಿತು ಅಂದಿದ್ದ.
ಇನ್ನೊಬ್ಬಳು, ಅಪ್ಪನಿಗೆ ಕೊಟ್ಟೆ, ಅತ್ತರು ಅಂದಿದ್ದಳು.
ಇಬ್ಬರನ್ನೂ ನಂಬಿದೆ.
ಗಂಡಸರಿಗೆ ಅಂತ ಬರೆದಿತ್ತು. ಇರಲಿ,
ನಾನು ಹೊಲಿಯುವುದೂ ಗಂಡಸರ ಪ್ಯಾಂಟೇ.

ಆರನೇ ದಿನ ಫೋನು.
"ಅಕ್ಕಾ, ಎರ್ರೆಮ್ಮ ಅಂದ್ರೆ ನೀವೇನಾ? ಎಲ್ಲಿಗೆ ಬರ್ಲಿ?"
"ಹಿಟ್ಟಿನ ಗಿರಣಿ ಸಂದಿ, ಎಮ್ಮೆ ಕಟ್ಟಿರ್ತಾರೆ ನೋಡು, ಅಲ್ಲೇ."
"ಎಮ್ಮೆ ಮೂರು ಕಡೆ ಅದಾವಕ್ಕಾ."
ನೋಟು ಎಣಿಸಿಕೊಟ್ಟೆ.
ಒಂದು ರೂಪಾಯಿ ಚಿಲ್ಲರೆ ಅವನ ಹತ್ತಿರ ಇರಲಿಲ್ಲ.

ಡಬ್ಬಿಯೊಳಗೆ ಸತ್ತಂತೆ ಮಲಗಿತ್ತು.
ದಾರದ ತುದಿ ಹೊಸೆಯುವ ಅದೇ ಎರಡು ಬೆರಳಲ್ಲಿ
ಕೀ ತಿರುವಿದೆ, ಹತ್ತು, ಹನ್ನೆರಡು ಸಲ.
ಒಳಗೊಂದು ಚಕ್ರ ಬೆಚ್ಚಿತು. ಅತ್ತ ಇತ್ತ, ಅತ್ತ ಇತ್ತ.
ಎಣ್ಣೆ ಬಿಡುವಾಗ ಮಿಷನ್ನಿನ ತಟ್ಟೆ ಬಿಚ್ಚಿ
ನೋಡಿದ್ದೇನೆ ಇಂಥದ್ದೇ ಸಂಸಾರ,
ಒಂದನ್ನೊಂದು ನೂಕುತ್ತ, ಯಾರೂ ಮುಂದೆ ಹೋಗದೆ.

ಗಾಜು ಮುಂದೂ ಹಿಂದೂ. ಕಟ್ಟಿಕೊಂಡರೆ
ಚಕ್ರಗಳ ಸಂದಿಯಲ್ಲಿ ನನ್ನದೇ ಮುಂಗೈ,
ಬಟ್ಟೆಯ ಬಣ್ಣ ಹತ್ತಿ ನೀಲಿಗಟ್ಟಿದ್ದು.
ಪಟ್ಟಿ ದೊಡ್ಡದಾಯಿತು; ರಿವೆಟ್ ಹೊಡೆಯುವ ಶಮಾಬಿ
ಎರಡು ತೂತು ಹೆಚ್ಚಿಗೆ ಹಾಕಿಕೊಟ್ಟು,
"ಎಲ್ಲಾ ಕಾಣ್ತೈತೆ, ಟೈಮೊಂದು ಬಿಟ್ಟು" ಅಂದಳು.
ನಿಜ. ಮುಳ್ಳು ಯಾವುದು, ಚಕ್ರದ ಕಡ್ಡಿ ಯಾವುದು,
ಬೆಳಕಿಗೆ ವಾಲಿಸಿ ಹುಡುಕಬೇಕು.

ದಿನಕ್ಕೆ ಏಳು ನಿಮಿಷ ಮುಂದೋಡುತ್ತಿತ್ತು.
ಹೊನ್ನೂರ್ ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ನೋಡಿದರು, ನೋಡುತ್ತಲೇ ಇದ್ದರು.
"ಹರಳು ಗಾಜಿಂದು. ಸ್ಪ್ರಿಂಗು ಒಳ್ಳೇದು. ಬಿಚ್ಚಲ್ಲಮ್ಮ,
ವಾಚಿಗಿಂತ ರಿಪೇರಿ ಜಾಸ್ತಿ ಆಗ್ತದೆ.
ಬೆಳಿಗ್ಗೆ ಎದ್ದು ಏಳು ನಿಮಿಷ ಹಿಂದಕ್ಕೆ ತಿರುವು, ಮುಗೀತು."

ಎಲ್ಲರೂ ಟೀಗೆ ಹೋದಾಗ, ಆಗಷ್ಟೇ ಹೊಲಿದ
ಮೂವತ್ತಾರರ ಸೈಜಿನ ಪ್ಯಾಂಟು ಎಳೆದುಕೊಂಡು
ಐದನೇ ಜೇಬಿಗೆ ವಾಚು ಇಳಿಸಿದೆ.
ಹಿಡಿಸಲಿಲ್ಲ.
ಪಟ್ಟಿ ಬಿಚ್ಚಿಯೂ ನೋಡಿದೆ. ಕೀ ಗುಬಟು ಹೊಲಿಗೆಗೆ ತಾಗಿ
ಅಲ್ಲೇ ನಿಂತಿತು, ಅರ್ಧ ಒಳಗೆ, ಅರ್ಧ ಹೊರಗೆ.
"ಬಟ್ಟೆ ಉಳೀಲಿ ಅಂತ" ವಲಿಬಾಷಾ ತಲೆ ತುರಿಸಿಕೊಂಡ,
"ವರ್ಷಾ ವರ್ಷಾ ಒಂದೊಂದು ನೂಲು ಸಣ್ಣ ಮಾಡಿದ್ನಲ್ಲೇ."
ನನ್ನ ಕೈಗೆ ಅದು ಗೊತ್ತೇ ಆಗಿರಲಿಲ್ಲ.

ಗೋಡೆ ಮೇಲಿನದು ಮಾಲೀಕರ ಗಡಿಯಾರ.
ಸಂಜೆ ಹೊತ್ತು ಅದಕ್ಕೆ ಕಾಲುನೋವು.
ಅವತ್ತು ಅದರಲ್ಲಿ ಎಂಟಕ್ಕೆ ಇನ್ನೂ ಹತ್ತು ಬಾಕಿ.
ನನ್ನದನ್ನು ಟ್ಯೂಬ್‌ಲೈಟಿಗೆ ವಾಲಿಸಿ
ಮುಳ್ಳು ಹುಡುಕಿದೆ, ಸಿಕ್ಕಿತು,
ಮಿಷನ್ನಿನ ಸ್ವಿಚ್ಚು ಆರಿಸಿ ಎದ್ದೆ.

ಬೆಳಿಗ್ಗೆ ಹಿಂದಕ್ಕೆ ತಿರುವುವುದನ್ನು
ಮರೆತಿದ್ದೆ ಅಂತ ಹೇಳಿದೆ.